ಗೇಟಿನ ಹತ್ತಿರದ ಮಾತಿಗೆ ನಾನು ಹೇಳಿದ ಅರ್ಥ

ಹಾಸನದ ಕಡೆ ಟೆಂಟು ಸಿನಿಮಾದ ಹಳೆಯ ಮಾತು ಎದ್ದಾಗಲೆಲ್ಲ ನನ್ನ ಹೆಸರಿಗೆ ಒಂದು ಕಥೆ ಅಂಟಿಕೊಂಡು ಬರುತ್ತದೆ. ಮದರಾಸಿನ ನಟಿಯೊಬ್ಬಳು ಹೊಳೆನರಸೀಪುರದ ಡೇರೆಗೆ ಬಂದಳಂತೆ. ಅವಳೇ ತಾಯಿಯ ಪಾತ್ರ ಮಾಡಿದ್ದ ತಮಿಳು ಪಿಚ್ಚರಿಗೆ ನಾನು ಕನ್ನಡದಲ್ಲಿ ಅರ್ಥ ಹೇಳುವುದನ್ನು ಕೇಳಿ ಸೆರಗಿನಿಂದ ಕಣ್ಣೊರೆಸಿಕೊಂಡಳಂತೆ. ಆಟ ಬಿಟ್ಟ ಮೇಲೆ ನನ್ನೆದುರು ನಿಂತು ಕೈಮುಗಿದಳಂತೆ. ಚನ್ನರಾಯಪಟ್ಟಣಕ್ಕೆ ಹೋಗುವಷ್ಟರಲ್ಲಿ ಈ ಕಥೆಗೆ ಒಂದು ಶಾಲು ಸೇರಿಕೊಂಡಿದೆ. ಅರಕಲಗೂಡಿನಲ್ಲಿ ಶಾಲಿನ ಜೊತೆಗೆ ಬೆಳ್ಳಿ ತಟ್ಟೆಯೂ ಇದೆ.

ಇದಕ್ಕೆ ನನ್ನ ಆಕ್ಷೇಪಣೆಗಳನ್ನು ಕ್ರಮವಾಗಿ ಹೇಳಿಬಿಡುತ್ತೇನೆ. ಅವಳು ಬಂದದ್ದು ನಿಜ. ಕಣ್ಣೊರೆಸಿಕೊಂಡದ್ದನ್ನು ಯಾರೂ ನೋಡಿಲ್ಲ, ನೋಡಿರಲು ಸಾಧ್ಯವೂ ಇಲ್ಲ. ಕಥೆ ಹೇಳುವವರೆಲ್ಲ ಆ ಹೊತ್ತಿನಲ್ಲಿ ಪರದೆಯ ಎದುರಿಗೆ ನೆಲದ ಮೇಲೆ ಕುಳಿತಿದ್ದರು, ಅವಳು ಹೆಂಗಸರ ಕಡೆ ಕೊನೆಯ ಬೆಂಚಿನಲ್ಲಿದ್ದಳು, ಮಧ್ಯೆ ಒಂದು ಬಿದಿರಿನ ತಟ್ಟಿ ಇತ್ತು. ಕೈಮುಗಿದದ್ದೂ ನಿಜ. ಆದರೆ ವ್ಯಾಪಾರ ಕುದುರದ ಅಂಗಡಿಯಿಂದ ಎದ್ದು ಹೋಗುವವರು ಮುಗಿಯುತ್ತಾರಲ್ಲ, ಹಾಗೆ. ಶಾಲು, ತಟ್ಟೆ ಎರಡೂ ಸುಳ್ಳು. ಉಳಿದದ್ದು ಸುಳ್ಳಿಗಿಂತ ಕೆಟ್ಟದ್ದು, ಅದನ್ನು ಬರೆಯುತ್ತೇನೆ.

ಯಾಕೆ ಬರೆಯುತ್ತೇನೆಂದರೆ, ಕಳೆದ ಬೇಸಿಗೆಯಿಂದ ಇಬ್ಬರು ಹುಡುಗರು ಈ ಕೆಲಸ ಕಲಿಯಬೇಕೆಂದು ನನ್ನ ಮನೆಗೆ ತಿರುಗುತ್ತಿದ್ದಾರೆ. ಅವರಿಗೆ ಮೈಕು ಸಿಕ್ಕಿದೆ. ನಮಗೆ ಕೂಗಲು ಇದ್ದದ್ದು ತಗಡಿನ ಕೊಳವೆ. ನನ್ನನ್ನು 'ನಿವೃತ್ತರು' ಎಂದು ಅವರು ಕರೆದಾಗ ನನಗೆ ನಗು ಬರುತ್ತದೆ, ನನಗಿನ್ನೂ ಮೂವತ್ತೆರಡು. ನಿವೃತ್ತಿಯಾದದ್ದು ಗಂಟಲು. ಒಂಬತ್ತು ವರ್ಷ ಎಣ್ಣೆ ಎಂಜಿನ್ನಿನ ಸದ್ದಿನ ಮೇಲೆ ಕೂಗಿದ್ದಕ್ಕೆ ಅದು ಕೈಬಿಟ್ಟಿತು. ಮೈಸೂರಿನ ಡಾಕ್ಟರು ಒಳಗೆ ಕನ್ನಡಿ ಇಳಿಸಿ ನೋಡಿ, ಇನ್ನು ಮೇಲೆ ಸಾಮಾನು ತರಲು ಹೇಳುವಷ್ಟು ಮಾತ್ರ ಮಾತಾಡಿ ಎಂದರು. ಹಾಗಾಗಿ ಬರವಣಿಗೆ.

ಈ ಕೆಲಸಕ್ಕೆ ನಾನು ಬಂದದ್ದು ಹೀಗೆ. ಹಾಸನದ ಹೈಸ್ಕೂಲಿನಲ್ಲಿ ನಾನು ಚರ್ಚಾಸ್ಪರ್ಧೆಯ ಹುಲಿ. ನಮ್ಮ ಮೇಷ್ಟ್ರ ಪದ್ಧತಿ ವಿಚಿತ್ರವಾಗಿತ್ತು: ಬೆಳಿಗ್ಗೆ ಪರವಾಗಿ ಮಾತಾಡಿದವನು ಮಧ್ಯಾಹ್ನ ಅದೇ ವಿಷಯಕ್ಕೆ ವಿರೋಧವಾಗಿ ಮಾತಾಡಬೇಕು. ಎರಡಕ್ಕೂ ಚಪ್ಪಾಳೆ ಗಿಟ್ಟಿಸಿದವನೇ ಗೆದ್ದವನು. ನನಗೆ ಅದು ಚೆನ್ನಾಗಿ ಒಗ್ಗಿತು. ದೇವರಿದ್ದಾನೆ ಎಂದು ಸ್ಥಾಪಿಸಿ ಊಟಕ್ಕೆ ಹೋಗುವುದು, ಊಟ ಮುಗಿಸಿ ಬಂದು ಇಲ್ಲ ಎಂದು ಸ್ಥಾಪಿಸುವುದು. ಯಾವುದನ್ನೂ ನಂಬದವನಿಗೆ ಇದಕ್ಕಿಂತ ಸುಖವಾದ ವಿದ್ಯೆ ಇಲ್ಲ ಅಂದುಕೊಂಡಿದ್ದೆ.

ಟೆಂಟಿನ ಮಾಲೀಕರು ಗಂಗಾಧರಪ್ಪನವರು ಅರಕಲಗೂಡಿನ ಹೊಗೆಸೊಪ್ಪಿನ ವರ್ತಕರು. ಹಣೆಗೆ ವಿಭೂತಿ ಇಲ್ಲದೆ ಟಿಕೆಟ್ ಪೆಟ್ಟಿಗೆ ಮುಟ್ಟುತ್ತಿರಲಿಲ್ಲ. ಆಗ ನಮ್ಮ ಕಡೆಗೆ ಬರುತ್ತಿದ್ದುದೆಲ್ಲ ತಮಿಳು, ಹಿಂದಿ ಪಿಚ್ಚರುಗಳು. ಕನ್ನಡದ್ದು ವರ್ಷಕ್ಕೊಂದು ಬಂದರೆ ಪುಣ್ಯ. ಜನ ಕುಣಿತ ಹಾಡು ನೋಡಿ, ಮಾತು ಬಂದಾಗ ಕಡಲೆಕಾಯಿ ಸುಲಿಯುತ್ತಿದ್ದರು. ಊರಿನಲ್ಲಿ ಭಾರತ ಓದಿಸುವಾಗ ಒಬ್ಬರು ರಾಗವಾಗಿ ಪದ್ಯ ಓದುತ್ತಾರೆ, ಇನ್ನೊಬ್ಬರು ಪಕ್ಕದಲ್ಲಿ ಕುಳಿತು ಅರ್ಥ ಹೇಳುತ್ತಾರೆ. ಪಿಚ್ಚರಿಗೂ ಹಾಗೊಬ್ಬರನ್ನು ಕೂರಿಸಿದರೆ ಏನು ಎಂದು ಗಂಗಾಧರಪ್ಪನವರಿಗೆ ಹೊಳೆಯಿತು. ನನ್ನ ಭಾಷಣವನ್ನು ಅವರು ಒಮ್ಮೆ ಕೇಳಿದ್ದರು.

"ಮರಿ, ನೀನು ಬಾಯಿ ಬಿಟ್ರೆ ಎಮ್ಮೆನೂ ಮೇಯೋದು ನಿಲ್ಲಿಸಿ ಕೇಳ್ತದೆ. ಬಾ ನನ್ನ ಜೊತೆ," ಎಂದರು. ಹೊಗಳಿಕೆಯೋ ಎಮ್ಮೆಗೆ ಹೋಲಿಕೆಯೋ ಎಂದು ವಾದ ಮಾಡುವ ವಯಸ್ಸು. ಆದರೂ ಹೋದೆ. ಜನ ನನ್ನನ್ನು 'ಅರ್ಥದೋರು' ಎಂದು ಕರೆಯತೊಡಗಿದರು.

ಕೆಲಸ ಹೇಗಿತ್ತು ಎಂದು ಹುಡುಗರು ಕೇಳುತ್ತಾರೆ. ಪರದೆಯ ಬಲಕ್ಕೆ ಒಂದು ಎತ್ತರದ ಸ್ಟೂಲು. ಹಿಂದೆ ಪಿಚ್ಚರಿನ ಸ್ಪೀಕರು, ಹೊರಗೆ ಎಂಜಿನ್ನು, ಎದುರಿಗೆ ಮುನ್ನೂರು ಜನರ ಕೆಮ್ಮು. ನಮ್ಮದು ಒಂದೇ ಪ್ರೊಜೆಕ್ಟರು, ಆದ್ದರಿಂದ ಒಂದೊಂದು ರೀಲು ಮುಗಿದಾಗಲೂ ಕತ್ತಲು ಹರಿದು ದೀಪ ಬರುತ್ತಿತ್ತು. ಆ ಬಿಡುವಿನಲ್ಲಿ ಮುಂದಿನ ರೀಲಿನ ಸಾರ ಹೇಳಬೇಕು. ರೀಲು ಓಡುವಾಗ ಮುಖ್ಯವಾದ ಮಾತು ಬಂದೊಡನೆ ಅದರ ಮೇಲೆ ನಮ್ಮ ಕನ್ನಡ ಎಸೆಯಬೇಕು. ಕಥೆ ನಮಗೆ ಗೊತ್ತಾಗುತ್ತಿದ್ದುದು ರೀಲಿನ ಪೆಟ್ಟಿಗೆಯ ಜೊತೆ ಬರುವ, ಹಾಡುಗಳನ್ನು ಅಚ್ಚು ಹಾಕಿದ ಪಾಟಿನ ಪುಸ್ತಕದಿಂದ. ಅದರಲ್ಲಿ ಕಥಾಸಾರವನ್ನು ಮುಕ್ಕಾಲು ಹೇಳಿ, ಉಳಿದದ್ದನ್ನು ಬೆಳ್ಳಿತೆರೆಯ ಮೇಲೆ ನೋಡಿ ಆನಂದಿಸಿ ಎಂದು ನಿಲ್ಲಿಸಿರುತ್ತಾರೆ. ನೋಡಿ ಆನಂದಿಸುವುದು ಜನಕ್ಕೆ ಸರಿ, ಅರ್ಥ ಹೇಳುವವನಿಗೆ? ಮೊದಲ ದಿನದ ಮೊದಲ ಆಟದಲ್ಲಿ ನಾನೂ ಅವರ ಹಾಗೆಯೇ ಬಾಯಿ ಬಿಟ್ಟುಕೊಂಡು ಕೊನೆಯನ್ನು ಕಾಯುತ್ತಿದ್ದೆ, ಬಾಯಿಂದ ಮಾತ್ರ ಎಲ್ಲ ತಿಳಿದವನಂತೆ ಕನ್ನಡ ಹರಿಯುತ್ತಿತ್ತು.

ಒಂದು ಪ್ರಮಾದ ಹೇಳುತ್ತೇನೆ. ಕಟ್ಟಾಯದಲ್ಲಿ ಒಂದು ವಾರ ಡೇರೆ ಹಾಕಿದ್ದೆವು. ಆಪರೇಟರ್ ಖಾದರ್ ಸಾಹೇಬರು ಜ್ವರದಲ್ಲಿ ಎಂಟನೆಯ ರೀಲನ್ನು ಏಳಕ್ಕಿಂತ ಮೊದಲು ಏರಿಸಿಬಿಟ್ಟರು. ನಾಯಕನ ಅಣ್ಣ ಸತ್ತ, ಹೆಣ ಹೊರಟಿತು, ಜನ ಅತ್ತರು. ದೀಪ ಬಂದು ಹೋಯಿತು. ಅಣ್ಣ ಎದ್ದು ಕುಳಿತು ದೋಸೆ ತಿನ್ನುತ್ತಿದ್ದಾನೆ. ನನಗೆ ಬೆವರಿತು. ಆದರೆ ನಾಲಿಗೆ ಹೆದರಲಿಲ್ಲ. ಇವನು ಸತ್ತವನ ಅವಳಿ, ರಂಗೂನಿನಲ್ಲಿದ್ದ, ಸುದ್ದಿ ತಿಳಿದು ಬಂದಿದ್ದಾನೆ ಎಂದುಬಿಟ್ಟೆ. ಮುಂದಿನ ಒಂಬತ್ತನೆಯ ರೀಲಿನಲ್ಲಿ ಅವಳಿಯನ್ನು ರಂಗೂನಿಗೆ ವಾಪಸು ಕಳಿಸಲು ಪಟ್ಟ ಪಾಡು ದೇವರಿಗೇ ಗೊತ್ತು. ಆಟ ಬಿಟ್ಟ ಮೇಲೆ ಒಬ್ಬ ಹಿರಿಯ ನನ್ನ ಹತ್ತಿರ ಬಂದ. ಸಿಕ್ಕಿಬಿದ್ದೆ ಅಂದುಕೊಂಡೆ. ಅವನು ಹೇಳಿದ್ದು:

"ಎಂಥ ತಮ್ಮ ಸಾ ಅಂವ. ಅಣ್ಣ ಸತ್ತ ಅಂತ ರಂಗೂನಿಂದ ಓಡಿ ಬಂದ್ಬುಟ್ಟ. ನಮ್ಮೂರಾಗವ್ರೆ, ಪಕ್ಕದ ಮನೆಯಿಂದ ಬರಕಿಲ್ಲ."

ಖಾದರ್ ಸಾಹೇಬರು ನಕ್ಕು ಹೊಟ್ಟೆ ಹಿಡಿದುಕೊಂಡರು. ನಾನೂ ನಕ್ಕೆ. ಜನ ತಮ್ಮ ಕಣ್ಣಿಗಿಂತ ನನ್ನ ನಾಲಿಗೆಯನ್ನು ನಂಬುತ್ತಾರೆ ಎಂದು ಅವತ್ತು ಗೊತ್ತಾಯಿತು. ಗೊತ್ತಾದದ್ದಕ್ಕೆ ನಾನು ಹೆದರಬೇಕಿತ್ತು. ಹಿಗ್ಗಿದೆ.

ಯುದ್ಧ ಶುರುವಾಗಿ ಎರಡನೆಯ ಬೇಸಿಗೆ ಇರಬೇಕು, ಆ ತಾಯಿಯ ಪಿಚ್ಚರು ಬಂತು. ಅದರ ಹೆಸರನ್ನು ಯಾರೂ ಹೇಳುತ್ತಿರಲಿಲ್ಲ, 'ಅಮ್ಮನ ಪಿಚ್ಚರು' ಎಂದೇ ಕರೆದರು. ಅದರಲ್ಲಿ ರಾಜನಿಲ್ಲ, ಮಾಯೆ ಮಂತ್ರವಿಲ್ಲ, ಕತ್ತಿ ಕುದುರೆ ಏನೂ ಇಲ್ಲ. ಮದರಾಸಿನ ಊರಾಚೆ ಹೊಸದಾಗಿ ಎದ್ದ ಬಡಾವಣೆ, ಎಲ್ಲ ಒಂದೇ ತರಹದ ತಾರಸಿ ಮನೆಗಳು, ಪ್ರತಿ ಮನೆಗೂ ಕಾಂಪೌಂಡು, ಕಬ್ಬಿಣದ ಗೇಟು. ಗಂಡ ಬೆಳಿಗ್ಗೆ ಕರೆಂಟಿನ ರೈಲು ಹತ್ತಿ ಊರೊಳಗಿನ ಆಫೀಸಿಗೆ ಹೋದರೆ ದೀಪ ಹಚ್ಚಿದ ಮೇಲೆ ಬರುತ್ತಾನೆ. ಬಂದು ಪೇಪರು ಓದುತ್ತಾನೆ. ಹೊಡೆಯುವುದಿಲ್ಲ, ಬಯ್ಯುವುದಿಲ್ಲ. ಹೆಂಡತಿಗೆ ಒಂದು ಹೆಣ್ಣುಮಗು, ಒಂದು ಗೋಡೆ ಗಡಿಯಾರ. ಆ ಗೇಟಿನ ಕಂಬಿ ಹಿಡಿದು ಅವಳು ಖಾಲಿ ರಸ್ತೆ ನೋಡುತ್ತಾಳೆ. ಅಷ್ಟೇ. ಒಂದು ದಿನ ಅವಳು ಹೊರಟೇ ಹೋಗುತ್ತಾಳೆ.

ನಮ್ಮ ಜನಕ್ಕೆ ಈ ದುಃಖ ತಲೆಗೆ ಹತ್ತಲಿಲ್ಲ. ಹಳ್ಳಿಮೈಸೂರಿನಿಂದ ಗಾಡಿ ಕಟ್ಟಿಕೊಂಡು ಬಂದಿದ್ದ ಒಬ್ಬಾಕೆ ರೀಲಿನ ಬಿಡುವಿನಲ್ಲಿ ತಟ್ಟಿಯ ಆಚೆಯಿಂದ ಎಲ್ಲರಿಗೂ ಕೇಳುವ ಹಾಗೆ ಕೇಳಿದಳು: "ಏನ್ ಕಷ್ಟ ಸಾ ಆಯಮ್ಮಂಗೆ? ತಾರಸಿ ಮನೆ, ನಲ್ಲಿ ನೀರು. ಅತ್ತೇನೂ ಇಲ್ಲ." ಡೇರೆಯೆಲ್ಲ ನಕ್ಕಿತು.

ಒಳ್ಳೆಯ ಪ್ರಶ್ನೆ ಅದು. ಆ ನಟಿ ಮುಖದಲ್ಲಿ ಅದಕ್ಕೆ ಉತ್ತರ ಕೊಟ್ಟಿದ್ದಳು ಎಂದು ಈಗ ಅನಿಸುತ್ತದೆ. ಮಗುವಿಗೆ ಜಡೆ ಹೆಣೆಯುವಾಗ ಅರ್ಧಕ್ಕೆ ಕೈ ನಿಲ್ಲಿಸುತ್ತಾಳೆ; ಏನನ್ನೋ ನೆನೆಸಿಕೊಂಡು ಮತ್ತೆ ಮೊದಲಿನಿಂದ ಹೆಣೆಯುತ್ತಾಳೆ. ಅವಳು ಅಳುವ ದೃಶ್ಯ ಪಿಚ್ಚರಿನಲ್ಲಿ ಒಂದೂ ಇರಲಿಲ್ಲ. ಆದರೆ ಜಡೆಗೆ ಅರ್ಥ ಹೇಳಿದರೆ ನನ್ನನ್ನು ಯಾರು ಕೇಳುತ್ತಾರೆ? ನಾನು ವಾದ ಹೂಡಿದೆ. ಹಾಸನದಲ್ಲಿ ತಾಯಿಯ ಪರ: ಮಾತಾಡದ ಗಂಡನ ಮನೆ ಜೈಲಿಗೆ ಸಮ, ಜೈಲಿನಿಂದ ಹೊರಟವಳು ತಪ್ಪಿತಸ್ಥಳಲ್ಲ. ಚಪ್ಪಾಳೆ ಬಂತು. ಅರಕಲಗೂಡಿನಲ್ಲಿ, ಬೇಸರ ಕಳೆಯಲು, ಅದೇ ರೀಲುಗಳಿಗೆ ವಿರೋಧವಾಗಿ: ಸುಖ ಹೆಚ್ಚಾದವಳ ಕೊಬ್ಬು, ಮಗುವನ್ನೂ ಲೆಕ್ಕಿಸದವಳು. ಇನ್ನೂ ಜೋರಾದ ಚಪ್ಪಾಳೆ. ಗಂಗಾಧರಪ್ಪನವರಿಗೆ ಎರಡನೆಯದೇ ಹಿಡಿಸಿತು, ಆದರೂ ಅವರು ಬಲವಂತ ಮಾಡಲಿಲ್ಲ. ಅವರ ಮೇಲೆ ಹಾಕಿ ನಾನು ತಪ್ಪಿಸಿಕೊಳ್ಳುವಂತಿಲ್ಲ. ಚನ್ನರಾಯಪಟ್ಟಣದಲ್ಲಿ ಪುನಃ ಪರ. ಹೊಳೆನರಸೀಪುರಕ್ಕೆ ಬಂದಾಗ ಸರದಿಯ ಪ್ರಕಾರ ವಿರೋಧ.

ಗೇಟಿನ ದೃಶ್ಯದ ಬಗ್ಗೆ ವಿವರವಾಗಿ ಹೇಳಬೇಕು. ಹೊರಡುವ ದಿನ ಅವಳು ಗೇಟು ದಾಟಿ ನಿಲ್ಲುತ್ತಾಳೆ. ಮಗು ಒಳಗಡೆ ನಿಂತಿದೆ. ಕ್ಯಾಮೆರಾ ಅವಳ ಮುಖ ತೋರಿಸುವುದಿಲ್ಲ, ಬೆನ್ನು ಮಾತ್ರ ತೋರಿಸುತ್ತದೆ. ಆ ಹೊತ್ತಿನಲ್ಲಿ ಅವಳು ತಮಿಳಿನಲ್ಲಿ ಒಂದೇ ಮಾತು ಆಡುತ್ತಾಳೆ. ಮನೆಯಲ್ಲಿ ತಮಿಳು ಆಡುವ ನನ್ನ ಸಹಪಾಠಿಯೊಬ್ಬ ಹಾಸನದಲ್ಲೇ ನನ್ನ ಪಕ್ಕ ಕುಳಿತು ಅದನ್ನು ಬರೆದುಕೊಟ್ಟಿದ್ದ: 'ಬಾಗಿಲು ಹಾಕಿಕೊಳ್ಳಬೇಡ, ನಾನು ಬಂದುಬಿಡುತ್ತೇನೆ.' ತಿಳಿಯದೆ ಮಾಡಿದೆ ಎನ್ನಲು ನನಗೆ ದಾರಿ ಇಲ್ಲ. ತಿಳಿದಿತ್ತು. ಆದರೆ ವಿರೋಧವಾಗಿ ವಾದಿಸುವ ದಿನ ಈ ಮಾತು ಅಡ್ಡ ಬರುತ್ತಿತ್ತು. ಬೆನ್ನಿನ ಮೇಲೆ ಏನು ಬರೆದರೂ ನಡೆಯುತ್ತದೆ. ಹೊಳೆನರಸೀಪುರದ ಮೊದಲ ದಿನ ನಾನು ತಗಡಿನ ಕೊಳವೆ ಎತ್ತಿ, ಅವಳ ದನಿಯ ಮೇಲೆ, ಹೆಂಗಸಿನ ಧಾಟಿಯಲ್ಲಿ ಹೇಳಿದ್ದು ಇದು: 'ಹಾಳು ಮನೆ, ಹಾಳು ಕೂಸು, ನನಗೆ ಸಾಕಾಯಿತು.'

ಜನ ಥೂ ಎಂದು ಉಗಿದರು. ನನಗೆ ಅದು ಗೆಲುವು.

ಮರುದಿನ ಬೆಳಿಗ್ಗೆ ಡೇರೆಯ ಹಿಂದೆ ಉಪ್ಪುನೀರು ಮುಕ್ಕಳಿಸುತ್ತಿದ್ದೆ. ಗಂಟಲು ಆಗಲೇ ಕೊರೆಯತೊಡಗಿತ್ತು. ಸಾದಾ ನೂಲಿನ ಸೀರೆ ಉಟ್ಟ ಒಬ್ಬಳು ಬಂದು ನಿಂತಳು. ಮೂವತ್ತರ ಆಸುಪಾಸು, ಕೈಯಲ್ಲಿ ಎರಡು ಗಾಜಿನ ಬಳೆ. ಹಾಲು ಮೊಸರಿನವಳು ಅಂದುಕೊಂಡು ನಾನು ಬೇಡ ಎಂದೆ.

"ಅರ್ಥ ಹೇಳೋರು ನೀವೇನಾ?" ಎಂದಳು.

ಅಷ್ಟು ಕೇಳಿದ್ದೇ ಮಿಷನ್ನಿಗೆ ಎಣ್ಣೆ ಹಾಕುತ್ತಿದ್ದ ಖಾದರ್ ಸಾಹೇಬರು ಎದ್ದು ನಿಂತುಬಿಟ್ಟರು. ದಿನಕ್ಕೆ ಎರಡು ಸಲ ಆ ದನಿಯನ್ನು ತಮ್ಮ ಕೈಯಿಂದಲೇ ಓಡಿಸುತ್ತಿದ್ದವರು ಅವರು. ನನಗೆ ಗುರುತು ಹತ್ತಲಿಲ್ಲ. ಆ ದನಿಯ ಮೇಲೆ ನಾನು ಯಾವಾಗಲೂ ಮಾತಾಡುತ್ತಲೇ ಇದ್ದೆನಲ್ಲ.

ಸಾಹೇಬರು ಹೇಳಿದ ಮೇಲೆ ನಾನು ಸ್ಟೂಲು ಒರೆಸಿ ಕೊಟ್ಟೆ. ಅವಳು ಕೂರಲಿಲ್ಲ.

"ನಿನ್ನೆ ನಮ್ಮ ಮಗು ಬಂದಿತ್ತು ಪಿಚ್ಚರಿಗೆ. ಗೇಟಿನ ಹತ್ತಿರ ನಾನು ಏನಂದೆ ಅಂತ ಹೇಳಿದ್ರಿ ನೀವು?"

ಹೇಳಿದೆ. ಹಗಲು ಬೆಳಕಿನಲ್ಲಿ ಆ ಮಾತು ಬಹಳ ಕೊಳಕಾಗಿ ಕೇಳಿಸಿತು.

"ನಾನು ಏನಂದೆ ಅನ್ನೋದು ಗೊತ್ತಿತ್ತಾ?"

"ಗೊತ್ತಿತ್ತಮ್ಮ."

"ಗೊತ್ತಿತ್ತು," ಎಂದು ಅವಳೂ ಒಂದು ಸಲ ಹೇಳಿಕೊಂಡಳು.

ನಾನು ವಾದಕ್ಕೆ ಇಳಿದೆ. ನಾಚಿಕೆಯಾದಾಗ ನನಗೆ ಬರುತ್ತಿದ್ದುದು ಅದೊಂದೇ. ಪಾತ್ರ ಬೇರೆ, ಪಾತ್ರ ಮಾಡುವವರು ಬೇರೆ. ರಾವಣನ ವೇಷ ಹಾಕಿದವನನ್ನು ಯಾರೂ ಬೆಳಿಗ್ಗೆ ಹೊಡೆಯುವುದಿಲ್ಲ. ಪಿಚ್ಚರಿನ ತಾಯಿಯನ್ನು ಬೈದರೆ ಅದು ನಿಮ್ಮನ್ನು ಬೈದ ಹಾಗಲ್ಲ ಎಂದೆಲ್ಲ ಹೇಳಿದೆ. ಪೂರ್ತಿ ಕೇಳಿಸಿಕೊಂಡಳು.

"ಅದು ನಿಮಗೆ ಗೊತ್ತು, ನನಗೆ ಗೊತ್ತು. ಹತ್ತು ವರ್ಷದ ಮಗೀಗೆ?"

ಆಮೇಲೆ ನಿಂತಲ್ಲೇ ತನ್ನ ವಿಷಯ ಹೇಳಿದಳು. ಪರದೆಯ ಮೇಲೆ ಅವಳ ಹೆಸರು ಬೇರೆ. ಈ ಊರಿಗೆ ಅವಳು ಪುಟ್ಟತಾಯಿ. ಗಂಡ ತೀರಿಕೊಂಡ ಮೇಲೆ ಹಾಡುವ ಗಂಟಲೊಂದನ್ನು ನಂಬಿ ನಾಟಕದ ಕಂಪನಿ ಸೇರಿದಳು, ಅಲ್ಲಿಂದ ಮದರಾಸು. ಮಗಳು ಜಯ ಆಗ ನಾಲ್ಕು ವರ್ಷದವಳು. ಮಗುವನ್ನು ಗಂಡನ ಅಕ್ಕ ನಿಂಗಮ್ಮನ ಹತ್ತಿರ ಬಿಟ್ಟಳು. ಆರು ವರ್ಷದಲ್ಲಿ ಬಂದದ್ದು ಎರಡೇ ಸಲ. ಮದರಾಸಿನಲ್ಲಿ ಈಗ ಒಂದು ಪುಟ್ಟ ಮನೆ ಹಿಡಿದಿದ್ದಾಳೆ, ಹತ್ತಿರದಲ್ಲೇ ಹೆಣ್ಣುಮಕ್ಕಳ ಸ್ಕೂಲಿದೆ. ಕರೆದುಕೊಂಡು ಹೋಗಲು ಬಂದಿದ್ದಾಳೆ. ನಿಂಗಮ್ಮ ಕೆಟ್ಟವಳಲ್ಲ, ಸಾಕಿದವಳು, ಬಿಟ್ಟುಕೊಡಲು ಸಂಕಟ. ಮಗು ಒಪ್ಪಿದರೆ ಕರೆದುಕೊಂಡು ಹೋಗು, ಒಪ್ಪದಿದ್ದರೆ ಮತ್ತೆ ಕೇಳಲು ಬರಬೇಡ ಎಂದು ಮಾತು ಕಟ್ಟಿಸಿಕೊಂಡಿದ್ದಾಳೆ. ಅಮ್ಮನನ್ನು ಪರದೆಯಲ್ಲಿ ನೋಡಲಿ ಎಂದು ಆಸೆಯಿಂದಲೇ ಮಗುವನ್ನು ಮೊದಲ ದಿನ ಡೇರೆಗೆ ಕರೆತಂದದ್ದೂ ನಿಂಗಮ್ಮನೇ. ಆಟ ಮುಗಿದು ಮನೆಗೆ ಹೋದ ಮಗು, ರಾತ್ರಿ ರೈಲಿನಿಂದ ಇಳಿದು ಬಂದ ತಾಯಿಯನ್ನು ಕಂಡು ಕೋಣೆ ಸೇರಿಕೊಂಡಿತು.

"ಆ ಮಾತು ಕಥೆ ಬರೆದೋರದಲ್ಲ," ಎಂದಳು. "ಅಲ್ಲಿ ಏನೂ ಮಾತಿರಲಿಲ್ಲ, ಸುಮ್ಮನೆ ಹೋಗಬೇಕಿತ್ತು. ಇಲ್ಲಿ ಜಗಲಿ ಮೇಲೆ ಇವಳನ್ನ ಬಿಟ್ಟು ಹೋಗುವಾಗ ನಾನು ಹೇಳಿದ್ದು ಅದು. ಬಾಗಿಲು ಹಾಕ್ಕೋಬೇಡ ಕಣವ್ವ, ಬಂದ್ಬುಡ್ತೀನಿ ಅಂದಿದ್ದೆ. ಅದನ್ನೇ ತಮಿಳಿನಲ್ಲಿ ಅಂದೆ. ಮುಖ ತೋರಿಸೋಕೆ ಆಗಲ್ಲ ಅಂದಿದ್ದಕ್ಕೆ ಬೆನ್ನಿಗೆ ಕ್ಯಾಮೆರಾ ಇಟ್ಟರು."

ಉಳಿದಿದ್ದ ಉಪ್ಪುನೀರನ್ನು ನೆಲಕ್ಕೆ ಚೆಲ್ಲಿದೆ.

ಸಂಜೆ ಮೊದಲ ಆಟಕ್ಕೆ ಮಗುವನ್ನು ಮತ್ತೆ ಕರೆತರುತ್ತೇನೆ, ನಿಂಗಮ್ಮನನ್ನು ಒಪ್ಪಿಸಿದ್ದೇನೆ ಎಂದಳು. ನಾನು ಉತ್ಸಾಹದಿಂದ, ಇವತ್ತು ತಾಯಿಯ ಪರವಾಗಿ ಹೇಳುತ್ತೇನೆ, ಹಾಸನದಲ್ಲಿ ಹೇಳಿದ್ದೆ, ಜನ ಕರಗಿ ಹೋಗಿದ್ದರು, ನೋಡುತ್ತಿರಿ ಎಂದೆ.

"ಬೇಡಿ," ಎಂದಳು. "ಏನೂ ಹೇಳಬೇಡಿ. ಗೇಟಿನ ಹತ್ತಿರ ಬಂದಾಗ ಸುಮ್ಮನಿರಿ, ಅಷ್ಟು ಸಾಕು. ದನಿ ಗುರುತು ಸಿಕ್ಕರೆ ಸಿಗ್ತದೆ."

ಆಗಲಿ ಎಂದೆ. ಖಾದರ್ ಸಾಹೇಬರು, ತಮ್ಮ ಕಡೆಯಿಂದ ಆ ರೀಲಿನಲ್ಲಿ ಸದ್ದು ಸ್ವಲ್ಪ ಏರಿಸುತ್ತೇನೆ ಎಂದರು.

ಸುಮ್ಮನಿರುವುದು ಎಷ್ಟು ಹೊತ್ತಿನ ಕೆಲಸ? ಆ ಮಾತಿನ ಮುಂಚೆ ಅವಳು ನಡೆದು ಬರುವುದು, ನಿಲ್ಲುವುದು, ಆಮೇಲೆ ಮಾತು, ಎಲ್ಲ ಸೇರಿ ಬಾಯಲ್ಲಿ ಹಾಕಿಕೊಂಡ ಬೆಲ್ಲ ಕರಗುವಷ್ಟು ಹೊತ್ತೂ ಇಲ್ಲ. ಆ ಸಂಜೆ ಮೊದಲ ರೀಲುಗಳಿಗೆಲ್ಲ ಮಿತವಾಗಿ ಅರ್ಥ ಹೇಳಿದೆ. ತಟ್ಟಿಯ ಆಚೆ ಕೊನೆಯ ಬೆಂಚಿನಲ್ಲಿ ಪುಟ್ಟತಾಯಿ, ಪಕ್ಕದಲ್ಲಿ ನಿಂಗಮ್ಮ, ಮಧ್ಯೆ ಮಗು ಇರುವುದನ್ನು ದೀಪ ಬಂದಾಗಲೆಲ್ಲ ನನ್ನ ಎತ್ತರದ ಸ್ಟೂಲಿನಿಂದ ನೋಡುತ್ತಿದ್ದೆ. ಮಗು ತಾಯಿಯ ಕಡೆಗೆ ವಾಲಿರಲಿಲ್ಲ, ಅತ್ತೆಯ ಕಡೆಗೂ ಇಲ್ಲ, ನೆಟ್ಟಗೆ ಕುಳಿತಿತ್ತು.

ಗೇಟಿನ ರೀಲು ಬಂತು. ಅವಳು ನಡೆದು ಬಂದಳು. ನಾನು ಕೊಳವೆಯನ್ನು ತೊಡೆಯ ಮೇಲೆ ಇಟ್ಟುಕೊಂಡೆ. ಡೇರೆಯಲ್ಲಿ ಒಂದು ಸದ್ದಿಲ್ಲ. ಆಗ ಮುಂದಿನ ಸಾಲಿನಿಂದ ಯಾರೋ ಕೂಗಿದರು: "ಅರ್ಥ ಏಳಿ ಸಾ." ಇನ್ನೊಬ್ಬ: "ಯಾಕ್ ಸುಮ್ಕಾದ್ರು? ನಿದ್ದೆ ಓದ್ರಾ?" ನಗು. ನಾಲ್ಕಾರು ಕಡೆಯಿಂದ "ಅರ್ಥ, ಅರ್ಥ." ಗಂಗಾಧರಪ್ಪನವರು ಬಾಗಿಲಿನ ಪರದೆ ಸರಿಸಿ ಇಣುಕಿದರು. ಅವರು ಏನೂ ಸನ್ನೆ ಮಾಡಲಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ನನ್ನನ್ನು ಯಾರೂ ದೂಡಲಿಲ್ಲ. ಆ ಮೌನವನ್ನು ನನಗೆ ತಡೆಯಲಾಗಲಿಲ್ಲ. ಮುನ್ನೂರು ಜನ ನನ್ನನ್ನು ಕೇಳುತ್ತಿರುವಾಗ ನಾನಿಲ್ಲದೆ ಆ ದೃಶ್ಯ ನಡೆದುಹೋಗುವುದನ್ನು ನನ್ನಿಂದ ಸಹಿಸಲಾಗಲಿಲ್ಲ. ಪರದೆಯಲ್ಲಿ ಅವಳ ದನಿ ಏಳುವುದಕ್ಕೂ ನಾನು ಕೊಳವೆ ಎತ್ತುವುದಕ್ಕೂ ಸರಿಹೋಯಿತು.

ಬಹಳ ಚೆನ್ನಾಗಿ ಹೇಳಿದೆ. ಅದೇ ಕೆಟ್ಟದ್ದು. ಇವಳು ಕಲ್ಲೆದೆಯ ತಾಯಿ ಅಂದುಕೊಳ್ಳಬೇಡಿ, ಕರುಳು ಕತ್ತರಿಸಿಕೊಂಡು ಹೊರಟಿದ್ದಾಳೆ, ಬಾಗಿಲು ಹಾಕಬೇಡ ಮಗಳೇ, ಬಂದೇ ಬರುತ್ತೇನೆ ಅನ್ನುತ್ತಿದ್ದಾಳೆ, ಕೇಳಿ, ಕೇಳಿ ಎಂದೆ. ಕೇಳಿ ಎಂದು ಕೂಗಿ ಕೂಗಿ ಕೇಳಿಸದಂತೆ ಮಾಡಿದೆ. ನನ್ನ ಮಾತು ಮುಗಿಯುವ ಹೊತ್ತಿಗೆ ಅವಳು ಬಡಾವಣೆಯ ರಸ್ತೆಯ ತಿರುವು ದಾಟಿದ್ದಳು.

ಚಪ್ಪಾಳೆಯೂ ಬಂತು, ಗೊಂದಲವೂ ಎದ್ದಿತು. ನಿನ್ನೆಯ ಆಟ ನೋಡಿದವರು ಬೇಕಾದಷ್ಟು ಜನ ಇದ್ದರು. "ನೆನ್ನೆ ಹಾಳು ಕೂಸು ಅಂದ್ಲಲ್ಲ ಆಯಮ್ಮ?" ಎಂದು ಒಬ್ಬ ಎದ್ದು ನಿಂತೇ ಕೇಳಿದ.

ಆಟ ಬಿಟ್ಟ ಮೇಲೆ ಡೇರೆಯ ಹೊರಗೆ ಪೆಟ್ರೋಮ್ಯಾಕ್ಸಿನ ಹತ್ತಿರ ಮೂವರೂ ನಿಂತಿದ್ದರು. ನಿಂಗಮ್ಮ ನನ್ನನ್ನು ನೋಡಿ, ಕೋಪವಿಲ್ಲದೆ, ದಣಿದವಳ ಹಾಗೆ ಹೇಳಿದಳು:

"ನೆನ್ನೆ ಒಂದ್ ಬಾಯಿ, ಇವತ್ತೊಂದ್ ಬಾಯಿ. ಬೆಳಿಗ್ಗೆ ಇವಳು ನಿಮ್ಮತ್ರ ಬಂದಿದ್ದು ಊರೆಲ್ಲ ನೋಡೈತೆ ಸಾ. ಏಳ್ಕೊಟ್ಟು ಏಳ್ಸಿದ್ ಮಾತು ಮಗೀಗೆ ಗೊತ್ತಾಗಕಿಲ್ವಾ?"

ನಾನು ಇಲ್ಲ ಎನ್ನಲು ಬಾಯಿ ತೆರೆದೆ. ಪುಟ್ಟತಾಯಿ ನನ್ನ ಕಡೆ ನೋಡಲಿಲ್ಲ. ಮಗುವಿನ ಎದುರು ಕುಕ್ಕರಗಾಲಲ್ಲಿ ಕುಳಿತು, "ಬತ್ತೀಯೇನವ್ವ?" ಎಂದಳು. ಪಿಚ್ಚರಿನವಳ ಕನ್ನಡ ಹೋಗಿ ಊರಿನ ಕನ್ನಡ ಬಂದಿತ್ತು.

ಮಗು ಅವಳಿಗೆ ಉತ್ತರ ಕೊಡದೆ ನನ್ನನ್ನು ಕೇಳಿತು: "ನೆನ್ನೆ ಏಳಿದ್ದು ಸುಳ್ಳಾ, ಇವತ್ತು ಏಳಿದ್ದು ಸುಳ್ಳಾ?"

ಒಂಬತ್ತು ವರ್ಷದ ಕೆಲಸದಲ್ಲಿ ನನಗೆ ಯಾರೂ ಕೇಳದ ಪ್ರಶ್ನೆ ಅದು. ನಿನ್ನೆಯದು ಎಂದರೆ ಸಾಕಿತ್ತು, ಒಂದೇ ಪದ. ನಾನು ಶುರುಮಾಡಿದ್ದು, "ನೋಡು ಮಗು, ಒಂದು ವಿಷಯಕ್ಕೆ ಎರಡು ಕಡೆ ಇರ್ತದೆ" ಎಂದು.

"ನಾ ಬರಕಿಲ್ಲ," ಎಂದಿತು ಮಗು, ತಾಯಿಗೆ.

ಪುಟ್ಟತಾಯಿ ಎದ್ದಳು. ಆಗಲೇ ಅವಳು ನನಗೆ ಕೈಮುಗಿದದ್ದು. ಜನ ನೋಡಿದರು, ಅಲ್ಲಿಂದ ಆ ಕಥೆ ಹುಟ್ಟಿತು. ಅವಳು ಮರುದಿನದ ರೈಲಿಗೆ ಹೋದಳು. ಗಂಗಾಧರಪ್ಪನವರು ನನ್ನ ಬೆನ್ನು ತಟ್ಟಿ, "ಇವತ್ತು ಬಲು ಚೆನ್ನಾಗಿತ್ತು ಮರಿ," ಎಂದರು. ಅವರಿಗೆ ಏನೂ ಗೊತ್ತಿರಲಿಲ್ಲ. ಖಾದರ್ ಸಾಹೇಬರಿಗೆ ಗೊತ್ತಿತ್ತು. ರೀಲು ಸುತ್ತುತ್ತಾ, "ಸದ್ದು ಎಷ್ಟು ಏರುತ್ತೋ ಅಷ್ಟೂ ಏರಿಸಿದ್ದೆ," ಎಂದಷ್ಟೇ ಹೇಳಿದರು. ಒಂದು ವಾರ ನನ್ನ ಜೊತೆ ಊಟಕ್ಕೆ ಕೂರಲಿಲ್ಲ.

ಅದಾದ ಮೇಲೂ ಐದು ವರ್ಷ ಈ ಕೆಲಸ ಮಾಡಿದೆ. ಬಿಟ್ಟುಬಿಟ್ಟೆ ಎಂದು ಹೇಳಿದರೆ ಕಥೆಗೆ ಚೆನ್ನ, ಆದರೆ ಬಿಡಲಿಲ್ಲ. ಪರ ವಿರೋಧದ ಆಟ ನಿಲ್ಲಿಸಿದೆ. ಇದ್ದದ್ದನ್ನು ಇದ್ದ ಹಾಗೆ ಹೇಳತೊಡಗಿದೆ, ಜನಕ್ಕೆ ರುಚಿಸಲಿಲ್ಲ, ಮೊದಲಿನ ಕಳೆ ಹೋಯಿತು ಎಂದರು. ಯುದ್ಧದಲ್ಲಿ ಪ್ರೊಜೆಕ್ಟರಿನ ದೀಪಕ್ಕೆ ಉರಿಸುವ ಕಾರ್ಬನ್ ಕಡ್ಡಿ ಸಿಗದೆ ಪರದೆ ಮಬ್ಬಾಯಿತು, ಆಗಂತೂ ನನ್ನ ಕೂಗೇ ಅರ್ಧ ಪಿಚ್ಚರು. ಆ ನಟಿಯ ಇನ್ನೂ ಮೂರು ಪಿಚ್ಚರು ಬಂದವು. ಎಲ್ಲದರಲ್ಲೂ ತಾಯಿ. ಅವುಗಳಿಗೆ ಅರ್ಥ ಹೇಳುವ ದಿನ ನನಗೆ ಜ್ವರ ಎಂದು ಹೇಳಿ ಮಲಗುತ್ತಿದ್ದೆ. ಕೊನೆಗೆ ಗಂಟಲು ನಿಜವಾಗಿಯೂ ಹೋಯಿತು.

ಕಲಿಯಲು ಬರುವ ಹುಡುಗರು ಎಲ್ಲಿ ಏರಿಸಬೇಕು, ಎಲ್ಲಿ ಇಳಿಸಬೇಕು ಎಂದು ಕೇಳುತ್ತಾರೆ. ಎಲ್ಲಿ ಬಾಯಿ ಮುಚ್ಚಬೇಕು ಎಂದು ಒಬ್ಬನೂ ಕೇಳಿಲ್ಲ. ನಾನು ಹೇಳಿದರೆ, "ಜನ ಕೂಗ್ತಾರಲ್ಲ ಸಾರ್," ಅನ್ನುತ್ತಾರೆ. ಕೂಗುತ್ತಾರೆ. ಅದಕ್ಕೆ ನನ್ನ ಹತ್ತಿರ ಉಪಾಯವಿಲ್ಲ.

ಜಯ ಈಗ ಹಾಸನದಲ್ಲಿ ಉಪಾಧ್ಯಾಯಿನಿಯರ ತರಬೇತಿಗೆ ಸೇರಿದ್ದಾಳೆ. ನಿಂಗಮ್ಮ ಹೋದ ವರ್ಷ ತೀರಿಕೊಂಡಳಂತೆ. ಮೊನ್ನೆ ನಮ್ಮ ಬೀದಿಯ ರೇಷನ್ ಅಂಗಡಿಯಲ್ಲಿ ಜಯಳೇ ನನ್ನನ್ನು ಗುರುತು ಹಿಡಿದಳು, ಮುಖ ನೋಡಿ. ಮನೆಗೆ ಬಾರವ್ವ ಎಂದೆ, ಬಂದಳು. ನನ್ನ ತಾಯಿ ಕೊಟ್ಟ ಕಾಫಿ ಕುಡಿದಳು. ತರಬೇತಿಯಲ್ಲಿ ಪಾಠ ಹೇಳುವ ಕ್ರಮ, ಹಾಸ್ಟೆಲಿನ ಸಾರು, ಹಾಸನದ ಚಳಿ, ಎಲ್ಲ ಮಾತಾಡಿದಳು. ಮದರಾಸಿನಿಂದ ತಿಂಗಳಿಗೊಂದು ಕಾಗದ ಬರುತ್ತದೆ ಎಂದಳು. ಉತ್ತರ ಬರೆಯುತ್ತೀಯಾ ಎಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಹೊಳೆನರಸೀಪುರದ ಡೇರೆಯ ಹೆಸರನ್ನು ಇಬ್ಬರೂ ಎತ್ತಲಿಲ್ಲ.

ಹೊರಡಲು ಚಪ್ಪಲಿ ಮೆಟ್ಟುತ್ತಿದ್ದಳು. ನನ್ನ ದನಿ ಕೇಳಿಸದೆಂದು ಹತ್ತಿರ ಹೋಗಿ ಕೇಳಿದೆ:

"ಜಯಮ್ಮ, ಆ ಎರಡು ದಿನ ನಾನು ಕೂಗ್ತಾ ಇದ್ದಾಗ, ಅದರ ಕೆಳಗೆ ನಿಮ್ಮ ತಾಯಿ ದನಿ ನಿನಗೆ ಒಂದಿಷ್ಟಾದರೂ ಕೇಳಿಸಿತ್ತಾ?"